ಕುಂಭ ಹಿಡಿದ ಏಳು ಮಂದಿ

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡಕ್ಕೆ ಒಂದು ವಾಸನೆ ಇರುತ್ತದೆ. ಅದರ ಜೊತೆಗೆ ಹಸಿ ಮಾವಿನೆಲೆಯದೂ ತೆಂಗಿನಕಾಯಿ ಜುಟ್ಟಿನದೂ ಸೇರಿದರೆ ಉಳಿದವರಿಗೆ ಮದುವೆ ನೆನಪಾಗುತ್ತದೆ, ಹಬ್ಬ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಕ್ರೀಡಾಕೂಟಕ್ಕೆಂದು ಹುನಗುಂದಕ್ಕೆ ಹೋಗಿದ್ದೆ. ನಾನೀಗ ಇಳಕಲ್ಲಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮೈದಾನದ ಗೇಟು ದಾಟಿದ ಕೂಡಲೇ ಅದೇ ವಾಸನೆ ಮೂಗಿಗೆ ಬಡಿಯಿತು. ಎರಡೂ ಬದಿಗೆ ಹುಡುಗಿಯರು ಸೀರೆಯುಟ್ಟು, ಕೊಡ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಒಬ್ಬಳ ನಿರಿಗೆಯ ಕೆಳಗೆ ಟ್ರ್ಯಾಕ್ ಪ್ಯಾಂಟು ಇಣುಕುತ್ತಿತ್ತು.

ಸಮಿತಿಯವರೊಬ್ಬರು ಓಡುತ್ತ ಬಂದು, ಅತಿಥಿಗಳ ಸ್ವಾಗತಕ್ಕೆ ಕುಂಭ ಹಿಡಿಯಲು ಇನ್ನೂ ಇಬ್ಬರು ಹುಡುಗಿಯರು ಕಡಿಮೆ ಬಿದ್ದಿದ್ದಾರೆ, ನಿಮ್ಮವರನ್ನು ಕೊಡಿ ಎಂದರು. ನಾನು ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದರು. ನನ್ನ ಸಹೋದ್ಯೋಗಿಯೊಬ್ಬರು ತೋಳು ಹಿಡಿದು ಎಳೆದು, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಯಾಕೆ ಮೇಡಂ ಎಂದು ಕೇಳಿದರು. ಸಣ್ಣ ವಿಷಯವೋ ಅಲ್ಲವೋ, ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಇದೇ ಮೈದಾನದಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಮೇಲೆ ನೀವೇ ತೀರ್ಮಾನ ಮಾಡಿ.

ಹುನಗುಂದದ ನಮ್ಮ ಕಾಲೇಜಿಗೆ ರಗ್ಬಿ ತಂದವರು ಸಾವಿತ್ರಿ ಮೇಡಂ. ಅವರು ಕ್ರೀಡಾ ಶಿಕ್ಷಕಿ. ಕಾಯಂ ಅಲ್ಲ, ವರ್ಷ ವರ್ಷವೂ ಆಡಳಿತ ಮಂಡಳಿಯವರು ಮುಂದುವರಿಸಿದರೆ ಉಂಟು, ಇಲ್ಲವಾದರೆ ಇಲ್ಲ ಎನ್ನುವಂಥ ನೌಕರಿ. ಬೇಸಿಗೆಯಲ್ಲಿ ಎಲ್ಲಿಯೋ ತರಬೇತಿಗೆ ಹೋದವರು ಬರುವಾಗ ತತ್ತಿಯ ಆಕಾರದ ಒಂದು ಚೆಂಡು ತಂದಿದ್ದರು. ನಾವು ಅದನ್ನು ಸವತೆಕಾಯಿ ಎಂದೇ ಕರೆದೆವು. ಒಂದು ತಂಡಕ್ಕೆ ಏಳು ಮಂದಿ, ಏಳೇಳು ನಿಮಿಷದ ಎರಡು ಅವಧಿ. ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡಬೇಕು, ಎದುರಿನವರ ಕೊನೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು, ಅದಕ್ಕೆ ಟ್ರೈ ಎನ್ನುತ್ತಾರೆ. ಕೈಯಿಂದ ಚೆಂಡು ಎಸೆಯುವುದಾದರೆ ಹಿಂದಿನವರಿಗೇ ಎಸೆಯಬೇಕು, ಮುಂದಕ್ಕೆ ಎಸೆದರೆ ತಪ್ಪು. ಓಡುವವಳನ್ನು ಸೊಂಟದ ಕೆಳಗೆ ತಬ್ಬಿ ಕೆಡವಬಹುದು. ಇಷ್ಟು ಕೇಳಿದ ಮೇಲೆ ಅರ್ಧ ಹುಡುಗಿಯರು ಥ್ರೋಬಾಲಿಗೆ ವಾಪಸ್ ಹೋದರು. ಉಳಿದವರು ಹನ್ನೆರಡು ಮಂದಿ. ನಾನು ಉಳಿದೆ, ಯಾಕೆಂದರೆ ಕೆಡವುವುದಕ್ಕೆ ಪರವಾನಗಿ ಕೊಡುವ ಬೇರೆ ಆಟ ನನಗೆ ಗೊತ್ತಿರಲಿಲ್ಲ.

ನಾಯಕಿ ಮಾಳವ್ವ. ಕಮತಗಿಯ ಆಚೆಯ ಒಂದು ಹಳ್ಳಿಯವಳು, ಕುರುಬರ ಮನೆಯ ಹುಡುಗಿ, ಬೀರಪ್ಪನ ಒಕ್ಕಲು. ಮನೆಯಲ್ಲಿ ಕುರಿಯೂ ಇತ್ತು, ಹೊಲವೂ ಇತ್ತು. ಅಣ್ಣ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಅಪ್ಪ ಮಾತ್ರ ಕುರಿ ಬಿಡಲು ಒಪ್ಪಿರಲಿಲ್ಲ. ಔಷಧ ಕುಡಿಸಲಿಕ್ಕೆ ಓಡುವ ಟಗರನ್ನು ಹಿಂಗಾಲು ಹಿಡಿದು ಕೆಡವಿ ಗೊತ್ತಿದ್ದ ಹುಡುಗಿಗೆ ನಮ್ಮನ್ನು ಕೆಡವುವುದು ಯಾವ ಲೆಕ್ಕ? ಕುರಿ ಹಿಡಿಯುವಾಗ ಅದರ ತಲೆ ನೋಡಬಾರದು, ತಲೆ ಸುಳ್ಳು ಹೇಳುತ್ತದೆ, ಸೊಂಟ ಯಾವ ಕಡೆ ತಿರುಗಿತೋ ಕುರಿ ಆ ಕಡೆಯೇ ಹೋಗುತ್ತದೆ ಎಂದು ಅವಳು ನಮಗೆ ಹೇಳಿಕೊಟ್ಟಳು. ಸಾವಿತ್ರಿ ಮೇಡಂ ತರಬೇತಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಕಲಿತು ಬಂದಿದ್ದರಂತೆ.

ಆ ವರ್ಷ ಹಿಂಗಾರಿ ಮಳೆ ಚೆನ್ನಾಗಿ ಆಗಿತ್ತು. ಎರೆಮಣ್ಣಿನ ಮೈದಾನ ಮೊದಮೊದಲು ಬೂಟಿಗೆ ಮೆತ್ತಿ ಕಾಲನ್ನು ಎತ್ತಗೊಡುತ್ತಿರಲಿಲ್ಲ, ಆಮೇಲೆ ಒಣಗಿ ಬಿರುಕು ಬಿಟ್ಟಿತು. ಸುತ್ತಲಿನ ಹೊಲಗಳಲ್ಲಿ ಬಿಳಿಜೋಳ ಬಿತ್ತುವವರು ಕೂರಿಗೆ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ನಾನು ಬೆಳಗಿನ ಮೊದಲ ಬಸ್ಸಿಗೆ ಇಳಕಲ್ಲಿನಿಂದ ಬರುತ್ತಿದ್ದೆ, ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅಬ್ಬಾ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅಮ್ಮಿ ಮನೆಯಲ್ಲಿ ಕೂತು ಸೀರೆಯ ಮೈಗೆ ಸೆರಗು ಜೋಡಿಸುತ್ತಿದ್ದರು. ನಮ್ಮ ಓಣಿಯಲ್ಲಿ ಒಂದಿಬ್ಬರು ಹಿರಿಯರು ಅಬ್ಬಾನನ್ನು ಕರೆದು ಮಗಳ ಆಟದ ಬಗ್ಗೆ ವಿಚಾರಿಸಿದರು. ಮೈತುಂಬ ಬಟ್ಟೆ ಹಾಕಿಕೊಂಡೇ ಆಡುತ್ತಾಳೆ, ಬಿದ್ದು ಕೈಕಾಲು ಮುರಿದುಕೊಂಡರೆ ನಾನೇ ನೋಡಿಕೊಳ್ಳುತ್ತೇನೆ ಎಂದು ಅಬ್ಬಾ ಹೇಳಿದರಂತೆ. ಅಲ್ಲಿಗೆ ಅದು ಮುಗಿಯಿತು. ನಮಗೆ ಅಡ್ಡ ಬಂದವರು ಓಣಿಯವರಲ್ಲ, ಓದಿದವರು, ಮುಂದೆ ನಿಂತು ಕೈಮುಗಿಯುವವರು.

ಮಹಿಳೆಯರ ಹದಿನೆಂಟರ ಒಳಗಿನ ರಗ್ಬಿ ಸೆವೆನ್ಸ್ ವಿಭಾಗ ಮಟ್ಟದ ಪಂದ್ಯಾವಳಿ ಆ ವರ್ಷ ಹುನಗುಂದದಲ್ಲಿ ಎಂದು ಗೊತ್ತಾದಾಗ ನಾವು ಕುಣಿದಾಡಿದೆವು. ರಾಜ್ಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಆಯ್ಕೆದಾರರೊಬ್ಬರು ಬೆಂಗಳೂರಿನಿಂದ ಬರುತ್ತಾರೆ ಎಂದೂ ಹೇಳಿದರು. ಅವರು ಎರಡನೆಯ ದಿನ ಮಾತ್ರ ಇರುತ್ತಾರೆ, ಫೈನಲ್ ನೋಡಿ ಹೆಸರು ಆರಿಸುತ್ತಾರೆ. ಮಾಳವ್ವನಿಗೆ ಇದು ಕೊನೆಯ ಅವಕಾಶವಾಗಿತ್ತು. ಬರುವ ಯುಗಾದಿಯ ಹೊತ್ತಿಗೆ ಅವಳಿಗೆ ಹದಿನೆಂಟು ದಾಟುತ್ತಿತ್ತು. ರಾಜ್ಯ ತಂಡಕ್ಕೆ ಹೋದರೆ ಕ್ರೀಡಾ ವಸತಿ ನಿಲಯದಲ್ಲಿ ಸೀಟು, ಅಲ್ಲಿಂದಲೇ ಡಿಗ್ರಿ. ಹೋಗದಿದ್ದರೆ ಪಿಯುಸಿಗೆ ಓದು ಮುಗಿಯಿತು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಅವಳು ಫೈನಲ್ ಆಡಬೇಕು, ಆ ಮನುಷ್ಯ ಅದನ್ನು ನೋಡಬೇಕು. ಅಷ್ಟೇ ಬೇಕಾಗಿದ್ದದ್ದು.

ಪಂದ್ಯಾವಳಿ ಬಂತೆಂದರೆ ಸ್ವಾಗತ ಸಮಿತಿ ಹುಟ್ಟಬೇಕಲ್ಲ, ಹುಟ್ಟಿತು. ಅದಕ್ಕೊಬ್ಬ ಅಧ್ಯಕ್ಷರು, ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದವರು, ಅವರ ಹಿಂದೆ ಇಡೀ ಊರಿನ ಗಣ್ಯರು. ಬಸ್ ನಿಲ್ದಾಣದ ಎದುರಿಗೆ ದೊಡ್ಡ ಬ್ಯಾನರ್ ಕಟ್ಟಿದರು. ಅದರಲ್ಲಿ ಸಮಿತಿಯವರೆಲ್ಲರ ಭಾವಚಿತ್ರ ಇತ್ತು, ಮುಖ್ಯ ಅತಿಥಿಯದು ಎಲ್ಲರಿಗಿಂತ ದೊಡ್ಡದು. ಆಟದ ಗುರುತಿಗೆಂದು ಮೂಲೆಯಲ್ಲಿ ಒಬ್ಬ ಪರದೇಶದ ಗಡ್ಡದ ಗಂಡಸು ಚೆಂಡು ಹಿಡಿದು ಓಡುತ್ತಿದ್ದ. ಮಹಿಳಾ ಪಂದ್ಯಾವಳಿಯ ಬ್ಯಾನರಿನಲ್ಲಿ ಒಬ್ಬ ಹೆಣ್ಣುಮಗಳ ಮುಖವೂ ಇರಲಿಲ್ಲ. ನಾವು ಅದರ ಕೆಳಗೆ ನಿಂತು ನಕ್ಕೆವು. ಈಗ ನನಗೆ ಆ ನಗುವಿನ ಮೇಲೂ ಸಿಟ್ಟಿದೆ.

ಮೊದಲ ದಿನ ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಅಂದು ಗಣ್ಯರು ಯಾರೂ ಬಂದಿರಲಿಲ್ಲ. ಸೆಮಿಫೈನಲಿನಲ್ಲಿ ನಾವು ಬಾಗಲಕೋಟೆಯವರನ್ನು ಸೋಲಿಸಿದೆವು. ಇನ್ನೊಂದು ಕಡೆಯಿಂದ ಬಾದಾಮಿ ತಂಡ ಫೈನಲಿಗೆ ಬಂತು. ಅವರ ನಾಯಕಿ ಕಸ್ತೂರಿ, ಗುಳೇದಗುಡ್ಡದವಳು, ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ. ಸಣ್ಣ ಆಳು, ಹರಿತ ನಾಲಿಗೆ, ಓಟದಲ್ಲಿ ಮಾಳವ್ವನಿಗೂ ಒಂದು ಹೆಜ್ಜೆ ಮುಂದೆ. ಮರುದಿನ ಬೆಳಿಗ್ಗೆ ಎಳೆಬಿಸಿಲಿನಲ್ಲಿ ಫೈನಲ್ ಎಂದು ಹೇಳಿ ಎಲ್ಲರನ್ನೂ ಮಲಗಲು ಕಳಿಸಿದರು.

ಬೆಳಿಗ್ಗೆ ಬಂದು ನೋಡಿದರೆ ಮೈದಾನದ ತುದಿಗೆ ಶಾಮಿಯಾನ, ವೇದಿಕೆ, ಕುರ್ಚಿ. ಆಗ ನಮಗೆ ತಿಳಿದದ್ದು, ಪಂದ್ಯಾವಳಿಯ ಉದ್ಘಾಟನೆ ಇನ್ನೂ ಆಗಿಲ್ಲ ಎಂದು. ಮುಖ್ಯ ಅತಿಥಿಗೆ ಮೊದಲ ದಿನ ಬಿಡುವಿರಲಿಲ್ಲವಂತೆ, ಅದಕ್ಕೇ ಉದ್ಘಾಟನೆಯನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಸೆಮಿಫೈನಲ್ ಮುಗಿದು ಸೋತವರು ಊರಿಗೆ ಹೋಗಿ ಸ್ನಾನ ಮಾಡಿ ಉಂಡು ಮಲಗಿದ್ದಾರೆ, ಇಲ್ಲಿ ಪಂದ್ಯಾವಳಿ ಇನ್ನೂ ಆರಂಭವಾಗಬೇಕು. ಫೈನಲನ್ನು ಮೊದಲು ಆಡಿಸಿಬಿಡಿ ಎಂದು ಸಾವಿತ್ರಿ ಮೇಡಂ ಕೇಳಿದ್ದಕ್ಕೆ ಅಧ್ಯಕ್ಷರು ಹುಬ್ಬೇರಿಸಿದರು. ಉದ್ಘಾಟನೆ ಆಗದೆ ಫೈನಲ್ ಆಡಿಸುವುದು ಎಲ್ಲಿಯ ಪದ್ಧತಿ ಎಂದು ತಿರುಗಿ ಕೇಳಿದರು.

ಆಮೇಲೆ ಅವರು ನಮ್ಮನ್ನು ನೋಡಿದರು, ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವರನ್ನು.

“ಕುಂಭ ಹಿಡಿಯಾಕ ಏಳ ಮಂದಿ ಬೇಕಾಗಿತ್ರಿ ಮೇಡಂ. ನಿಮ್ಮ ಟೀಮಿನಾಗ ಏಳ ಮಂದಿನ ಅದಾರಲ್ಲ, ಛಲೋ ಆತು. ನಮ್ಮೂರ ಹುಡುಗ್ಯಾರು ಹಿಡಿದ್ರನ ಶೋಭಾ.”

ಮ್ಯಾಚಿದೆ, ಕೈ ಸೋಲುತ್ತದೆ ಎಂದರು ಮೇಡಂ. ಮೆಲ್ಲಗೆ ಅಂದರು, ತಗ್ಗಿದ ದನಿಯಲ್ಲಿ. ಹತ್ತು ನಿಮಿಷದ ಕೆಲಸ ಎಂದು ಅಧ್ಯಕ್ಷರು ನಕ್ಕರು. ನಗುತ್ತಲೇ, ಮುಂದಿನ ವರ್ಷದ ನೇಮಕಾತಿಯ ಮೀಟಿಂಗು ಹತ್ತಿರ ಬಂತಲ್ಲವೇ ಎಂದು ನೆನಪು ಮಾಡಿಕೊಂಡರು. ಮೇಡಂ ನಮ್ಮ ಕಡೆ ತಿರುಗಿ, ಹೋಗಿ ಎಂದು ಕೈ ಮಾಡಿದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನಾನೇ ಮೇಡಂ ಆಗಿದ್ದೇನೆ, ಆ ಸಿಟ್ಟನ್ನು ಅಧ್ಯಕ್ಷರ ಲೆಕ್ಕಕ್ಕೆ ವರ್ಗ ಮಾಡಿದ್ದೇನೆ.

ಸಮಿತಿಯ ಹೆಂಗಸರು ಒಂದು ಚೀಲ ಇಳಕಲ್ ಸೀರೆ ತಂದರು. ಕುಪ್ಪಸ ಯಾರಿಗೂ ಹೊಂದಲಿಲ್ಲ, ಆಡುವ ಜೆರ್ಸಿಯ ಮೇಲೆಯೇ ಉಡಿಸಿದರು. ನನ್ನ ಸರದಿ ಬಂದಾಗ ಒಬ್ಬಾಕೆ ಹೆಸರು ಕೇಳಿದಳು. ಪರ್ವೀನ್ ಎಂದೆ. ಕೈಯಲ್ಲಿದ್ದ ಸೀರೆ ಅಲ್ಲಿಯೇ ನಿಂತಿತು. ನಿಮ್ಮಲ್ಲಿ ಇದೆಲ್ಲ ನಡೆಯುವುದಿಲ್ಲ ಅಲ್ಲವೇ, ನೀವು ಹಿಂದೆ ನಿಲ್ಲಿ ಎಂದು ಬಹಳ ಮರ್ಯಾದೆಯಿಂದ ಹೇಳಿ, ಬೆಂಚಿನ ಮೇಲೆ ಕೂತಿದ್ದ ಬದಲಿ ಆಟಗಾರ್ತಿಯನ್ನು ಕರೆದಳು. ಫೈನಲಿನ ದಿನದ ಮೊದಲ ಬದಲಾವಣೆ ಅದು, ಕುಂಭದ ತಂಡದಲ್ಲಿ. ಆ ಸೀರೆಯ ಸೆರಗನ್ನು ಜೋಡಿಸಿದವರು ನನ್ನ ಅಮ್ಮಿಯೋ, ಅವರಂಥ ಇನ್ನೊಬ್ಬರೋ ಆಗಿರಬೇಕು. ನನಗೇನು ಕುಂಭ ಹಿಡಿಯುವ ಆಸೆ ಇರಲಿಲ್ಲ. ಕೇಳಿದ್ದರೆ ಒಲ್ಲೆ ಎನ್ನುತ್ತಿದ್ದೆ. ಒಲ್ಲೆ ಎನ್ನುವುದಕ್ಕಾದರೂ ನನ್ನನ್ನು ಕೇಳಬೇಕಿತ್ತು.

ಹೀಗೆ ಆರು ಮಂದಿ ಆಟಗಾರ್ತಿಯರು, ಒಬ್ಬಳು ಬದಲಿ, ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತರು. ಕುಂಭಕ್ಕೆ ಚಪ್ಪಲಿ ನಡೆಯುವುದಿಲ್ಲ. ಕೊಡದ ತುಂಬ ನೀರು, ಐದು ಎಲೆ, ಮೇಲೆ ಕಾಯಿ. ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿಯಬೇಕು. ಒಮ್ಮೆ ಹಿಡಿದ ಮೇಲೆ ಅತಿಥಿ ಬರುವ ತನಕ ನೆಲಕ್ಕೆ ಇಡಬಾರದು, ಅದು ಅಪಶಕುನ. ಅತಿಥಿ ಆಗಲೇ ಬಾಗಲಕೋಟೆ ಬಿಟ್ಟಿದ್ದಾರೆ ಎಂದು ಅಧ್ಯಕ್ಷರು ಸಾರಿದರು.

ಬಾಗಲಕೋಟೆಯಿಂದ ಹುನಗುಂದಕ್ಕೆ ಎಷ್ಟು ದೂರ ಎಂದು ನಮಗೆಲ್ಲ ಗೊತ್ತು. ಎಳೆಬಿಸಿಲು ಹೋಗಿ ಚುರುಕು ಬಿಸಿಲಾಯಿತು. ಅಧ್ಯಕ್ಷರು ಫೋನು ಕಿವಿಗಿಟ್ಟುಕೊಂಡು, ಶಿರೂರು ದಾಟಿದರಂತೆ ಎಂದರು. ಬಹಳ ಹೊತ್ತಿನ ಮೇಲೆ, ಕಮತಗಿ ದಾಟಿದರಂತೆ. ಅದಾದ ಮೇಲೆ ಅಮೀನಗಡಕ್ಕೆ ಬಂದು ಅತಿಥಿ ಅಲ್ಲಿಯೇ ನಿಂತುಬಿಟ್ಟರು. ಕರದಂಟು ತಿನ್ನುತ್ತಿರಬೇಕು, ಹಲ್ಲಿಗೆ ಸಿಕ್ಕಿಕೊಂಡಿದೆ ಎಂದು ಸಾಲಿನಲ್ಲಿದ್ದ ಒಬ್ಬಳು ಅಂದಳು, ಎಲ್ಲರೂ ನಕ್ಕರು. ನಗುವಾಗ ಕೊಡದ ನೀರು ತುಳುಕಿ ಸೀರೆ ತೋಯ್ದಿತು. ಅದೇ ಕೊನೆಯ ನಗು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಎರೆಮಣ್ಣು ಕಾದು ಹೆಂಚಾಗಿತ್ತು.

ಮಾಳವ್ವನ ಅಪ್ಪ ಅಂದು ಬಂದಿದ್ದ. ಕುರಿ ಹಿಂಡನ್ನು ತಮ್ಮನ ಕೈಗೆ ಒಪ್ಪಿಸಿ, ಒಗೆದ ಧೋತ್ರ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಬೇಲಿಯ ಹತ್ತಿರ ಕೂತಿದ್ದ. ಮಗಳು ಅಷ್ಟು ದಿನ ಹೇಳುತ್ತಿದ್ದ ಆಟ ಯಾವುದು ಎಂದು ಒಮ್ಮೆ ಕಣ್ಣಾರೆ ನೋಡಬೇಕು ಎಂದುಕೊಂಡಿದ್ದನಂತೆ. ಮಧ್ಯಾಹ್ನದೊಳಗೆ ಅವನು ತಿರುಗಿ ಹಿಂಡಿಗೆ ಹೋಗಲೇಬೇಕಿತ್ತು. ಎದ್ದು ಮಗಳ ಹತ್ತಿರ ಬಂದು, ಏನೋ ಹೇಳಿ, ಕುಂಭಕ್ಕೆ ಕೈಮುಗಿದು ಹೊರಟ. ಮಗಳ ಆಟ ನೋಡಲು ಬಂದ ಅಪ್ಪ ಮಗಳು ನಿಂತದ್ದನ್ನು ನೋಡಿ ಹೋದ. ಅಪ್ಪ ಏನು ಹೇಳಿದ ಎಂದು ನಾನು ಆಮೇಲೆ ಕೇಳಿದೆ. ಛಲೋ ಹಿಡಿದೀ ಎಂದನಂತೆ. ಇದೇ ಆಟ ಎಂದು ತಿಳಿದುಕೊಂಡಿದ್ದ.

ಅಷ್ಟು ಹೊತ್ತಿಗೆ ಮಾಳವ್ವನ ಮೊಣಕೈಯಿಂದ ಕೆಳಗೆ ನಡುಕ ಶುರುವಾಗಿತ್ತು. ನಾನು ಹೋಗಿ ಕೊಡಕ್ಕೆ ಕೈ ಹಾಕಿದೆ. ಸಮಿತಿಯ ಹೆಂಗಸು ಬೇಡ ಬೇಡ ಎಂದು ನನ್ನ ಕೈ ತೆಗೆಸಿದಳು. ಆಗ ಮೈದಾನದ ಆಚೆ ಬೇವಿನ ನೆರಳಲ್ಲಿ ಕೂತಿದ್ದ ಬಾದಾಮಿ ತಂಡ ಎದ್ದಿತು. ಕಸ್ತೂರಿ ಮುಂದೆ, ಉಳಿದವರು ಹಿಂದೆ, ಚಡ್ಡಿ, ಜೆರ್ಸಿ, ಬೂಟು. ಬಂದವಳೇ ಮಾಳವ್ವನ ಎದುರು ಕೈ ಚಾಚಿದಳು.

“ತಾ ಇಲ್ಲೆ.”

“ಕೆಳಗ ಇಡಬಾರದವಾ,” ಎಂದಳು ಮಾಳವ್ವ.

“ಇಡು ಅಂದವ್ರ್ಯಾರು? ನನ್ನ ಕೈಯಾಗ ಕೊಡು. ಕೈ ಸೋತವ್ರನ್ನ ಸೋಲ್ಸಿ ನಾ ಊರಾಗ ಹೋಗಿ ಏನಂತ ಹೇಳ್ಲಿ?”

ಏಳು ಕೊಡ ಏಳು ಮಂದಿಯ ಕೈಗೆ ದಾಟಿದವು. ಒಂದೂ ನೆಲ ಮುಟ್ಟಲಿಲ್ಲ. ನಮ್ಮವರು ನೆಲಕ್ಕೆ ಕುಸಿದು ಕೂತರು, ನಾನು ನೀರಿನ ಬಾಟಲಿ ಹಿಡಿದು ಒಬ್ಬೊಬ್ಬರ ಹತ್ತಿರ ಓಡಿದೆ. ಮಾಳವ್ವನ ಬೆರಳು ಬಾಟಲಿಯ ಸುತ್ತ ಮಡಚಿಕೊಳ್ಳಲಿಲ್ಲ, ನಾನೇ ಕುಡಿಸಿದೆ. ಅಧ್ಯಕ್ಷರು ಧೋತ್ರ ಎತ್ತಿಕೊಂಡು ಓಡಿ ಬಂದರು. ಬಿಸಿಲಿಗೆ ಹುಡುಗಿಯರು ಬಾಡಿದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಇದು ಮಾತ್ರ ಅಷ್ಟು ದೂರದಿಂದಲೂ ಕಂಡಿತ್ತು. ಚಡ್ಡಿ ಹಾಕಿಕೊಂಡು ಕುಂಭ ಹಿಡಿಯುವುದೇ, ನಿಮಗೆ ಹಿರಿಯರಿಲ್ಲವೇ, ಸಂಸ್ಕಾರವಿಲ್ಲವೇ ಎಂದು ಕೂಗಾಡಿದರು. ಕಸ್ತೂರಿ ಕೊಡದ ಹಿಂದಿನಿಂದ ಶಾಂತವಾಗಿ, ಸೀರೆ ಖಾಲಿ ಇದ್ದರೆ ಕೊಡಿ, ಉಡಿಸುವವರೆಗೆ ಕೊಡ ನೀವು ಹಿಡಿದುಕೊಳ್ಳಿ ಎಂದಳು. ಅಧ್ಯಕ್ಷರು ಕೊಡ ಮುಟ್ಟಲಿಲ್ಲ. ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಕೇಳಿಸಿತು.

ಇಷ್ಟೆಲ್ಲ ಯಾರಿಗಾಗಿ ನಡೆದಿತ್ತೋ ಆ ಮುಖ್ಯ ಅತಿಥಿ ಫೋನಿನಲ್ಲಿ ಮಾತಾಡುತ್ತ ಕಾರಿಳಿದರು, ಮಾತಾಡುತ್ತಲೇ ಎರಡು ಸಾಲಿನ ನಡುವೆ ನಡೆದು ಹೋದರು. ಕುಂಭವನ್ನು ಅವರು ನೋಡಲಿಲ್ಲ. ಸೀರೆಯೋ ಚಡ್ಡಿಯೋ ಅವರಿಗೆ ಗೊತ್ತೂ ಆಗಲಿಲ್ಲ.

ಅಧ್ಯಕ್ಷರಿಗೆ ಮಾತ್ರ ಆ ಚಡ್ಡಿಯನ್ನು ಮರೆಯಲು ಆಗಲಿಲ್ಲ. ವೇದಿಕೆಯ ಮೇಲೆ ದೀಪ ಬೆಳಗಿದರು, ಸ್ವಾಗತ ಕೋರಿದರು, ಶಾಲು ಹೊದಿಸಿದರು, ಪೇಟ ಸುತ್ತಿದರು. ಆಯ್ಕೆದಾರರಿಗೂ ಶಾಲು, ಪೇಟ. ಅದು ಕಿವಿಯ ತನಕ ಇಳಿದು, ಪಾಪ, ಅವರು ಭಾಷಣದುದ್ದಕ್ಕೂ ಅದನ್ನು ಮೇಲೆ ತಳ್ಳುತ್ತ ಕೂತಿದ್ದರು. ಶಾಮಿಯಾನ ಕೊಟ್ಟವರಿಗೆ ಸನ್ಮಾನ, ಊಟ ಕೊಟ್ಟವರಿಗೆ ಸನ್ಮಾನ, ಸನ್ಮಾನದ ಶಾಲು ಕೊಟ್ಟವರಿಗೂ ಸನ್ಮಾನ. ಹೆಣ್ಣುಮಕ್ಕಳು ಯಾವುದರಲ್ಲಿಯೂ ಕಡಿಮೆ ಇಲ್ಲ ಎಂದು ನಾಲ್ಕು ಜನ ಬೇರೆ ಬೇರೆಯಾಗಿ ಹೇಳಿದರು. ನಾವು ಬೂಟು ಹಾಕಿಕೊಂಡು ಗೆರೆಯ ಹತ್ತಿರ ಕಾಯುತ್ತಿದ್ದೆವು. ಕಾದ ನೆಲದಲ್ಲಿ ನಿಂತ ಅಂಗಾಲುಗಳಿಗೆ ಬೊಬ್ಬೆ ಎದ್ದಿತ್ತು, ಬೂಟಿನೊಳಗೆ ಕಾಲಿಡುವಾಗ ಇಬ್ಬರು ಅತ್ತರು. ಕೊನೆಗೆ ಅಧ್ಯಕ್ಷರು ಮೈಕಿನ ಮುಂದೆ ಬಂದರು. ಸಮಯದ ಅಭಾವದಿಂದ ಅಂತಿಮ ಪಂದ್ಯವನ್ನು ಕೈಬಿಡಲಾಗಿದೆ, ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಗಿದೆ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಎಂದರು. ಎಲ್ಲರೂ ಜೋರಾಗಿ ತಟ್ಟಿದರು.

ಸಮಯದ ಅಭಾವವಂತೆ. ಎಲ್ಲದಕ್ಕೂ ಸಮಯವಿತ್ತು. ಆಟಕ್ಕೆ ಬೇಕಾಗಿದ್ದದ್ದು ಒಂದು ಸನ್ಮಾನದಷ್ಟು ಹೊತ್ತು.

ಕಪ್ಪನ್ನು ಇಬ್ಬರು ನಾಯಕಿಯರ ಕೈಗೂ ಒಟ್ಟಿಗೆ ಕೊಟ್ಟು ಫೋಟೋ ತೆಗೆದರು. ಫೋಟೋದಲ್ಲಿ ಅವರಿಬ್ಬರ ನಡುವೆ ಏಳೆಂಟು ಗಂಡಸರು ನಿಂತಿದ್ದಾರೆ. ವೇದಿಕೆ ಇಳಿದ ಮಾಳವ್ವ ನೇರ ಆಯ್ಕೆದಾರರ ಹತ್ತಿರ ಹೋದಳು, ನಾನೂ ಬೆನ್ನಿಗೆ ಹೋದೆ. ಸರ್, ಈಗ ಆಡುತ್ತೇವೆ, ನೋಡಿ ಹೋಗಿ ಎಂದು ಕೇಳಿದಳು. ಆ ಮನುಷ್ಯ ಕೆಟ್ಟವರೇನಲ್ಲ. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಬೆಂಗಳೂರಿನ ಕನ್ನಡದಲ್ಲಿ ಹೇಳಿದರು.

“ಮ್ಯಾಚ್ ಆಗಿದ್ರೆ ಖಂಡಿತ ನೋಡ್ತಿದ್ದೆನಮ್ಮಾ. ಇವರು ನನಗೆ ಐಹೊಳೆ, ಬಾದಾಮಿ ತೋರಿಸ್ತೀವಿ ಅಂತ ಗಾಡಿ ಮಾಡಿಬಿಟ್ಟಿದ್ದಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ. ಮುಂದಿನ ವರ್ಷ ನೋಡೋಣ, ಆಯ್ತಾ?”

ಮುಂದಿನ ವರ್ಷ ತನಗೆ ವಯಸ್ಸು ದಾಟುತ್ತದೆ ಎಂದು ಮಾಳವ್ವ ಹೇಳುವ ಹೊತ್ತಿಗೆ ಅಧ್ಯಕ್ಷರು ಬಂದು ಆಯ್ಕೆದಾರರ ಬೆನ್ನ ಮೇಲೆ ಕೈ ಇಟ್ಟಿದ್ದರು. ಊಟ ಆರುತ್ತಿತ್ತು. ದೂರದಿಂದ ಬಂದವರಿಗೆ ಗವಿ ತೋರಿಸದೆ ಕಳಿಸಿದರೆ ನಮ್ಮ ಜಿಲ್ಲೆಯ ಮರ್ಯಾದೆ ಏನಾಗಬೇಕು? ಬಂದವರಿಗೆ ಊಟ ಹಾಕಿ, ಊರು ತೋರಿಸಿ ಕಳಿಸುವುದರಲ್ಲಿ ನಾವು ಯಾರಿಗೂ ಸೋಲುವವರಲ್ಲ. ಅವರು ಯಾವ ಕೆಲಸಕ್ಕೆ ಬಂದಿದ್ದರು ಎಂಬುದನ್ನು ಅವರಿಗೂ ಮರೆಸಿ, ನಾವೂ ಮರೆತುಬಿಡುತ್ತೇವೆ. ಕಾರುಗಳು ಒಂದರ ಹಿಂದೆ ಒಂದು ಹೊರಟವು. ರೆಫರಿಯೂ ಅವುಗಳಲ್ಲಿಯೇ ಹೋದ.

ಧೂಳು ಆರಿದ ಮೇಲೆ ಕಸ್ತೂರಿ ಅಂದಳು, “ನಮ್ಮೂರ ನೋಡಾಕ ಹೋದ್ರು. ನಮ್ಮನ್ನ ನೋಡೂದು ಬ್ಯಾಡಾತು.”

ಶಾಮಿಯಾನದವರು ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಸ್ತೂರಿ, ಬಾದಾಮಿ ಬಸ್ಸು ಸಂಜೆಗಿದೆ, ಅಲ್ಲಿಯವರೆಗೆ ಏನು ಮಾಡುವುದು, ಆಡೋಣ ಎಂದಳು. ಶಿಳ್ಳೆ ಊದುವವರು ಯಾರು ಎಂದು ನಾನು ಕೇಳಿದೆ. ನಿಮ್ಮ ಮೇಡಂ ಊದಲಿ, ನಾವೇನೂ ಅನುಮಾನ ಮಾಡುವುದಿಲ್ಲ ಎಂದಳು. ಎಲ್ಲರೂ ಸಾವಿತ್ರಿ ಮೇಡಂ ಕಡೆ ನೋಡಿದೆವು. ಅವರು ಒಂದು ಕಡೆ ಕುರ್ಚಿಯಲ್ಲಿ ಕೂತಿದ್ದರು. ಕೊರಳಲ್ಲಿದ್ದ ಶಿಳ್ಳೆಯನ್ನು ಸೆರಗಿನಿಂದ ಒರೆಸಿಕೊಂಡು ಎದ್ದರು. ಮುಂದಿನ ವರ್ಷದ ಮೀಟಿಂಗು ಅವರ ತಲೆಯಲ್ಲಿಯೂ ಇತ್ತು, ನಮ್ಮ ತಲೆಯಲ್ಲಿಯೂ ಇತ್ತು.

ಆ ಫೈನಲಿಗೆ ಪ್ರೇಕ್ಷಕರೆಂದರೆ ಶಾಮಿಯಾನ ಬಿಚ್ಚುವವರು ಮತ್ತು ಪಾತ್ರೆ ತೊಳೆಯುವ ಹೆಂಗಸರು. ಮೈದಾನದ ತುಂಬ ಚೆಂಡುಹೂವಿನ ಎಸಳು ಬಿದ್ದಿತ್ತು. ಮೊದಲ ಎಸೆತವೇ ಮಾಳವ್ವನ ಕೈಯಿಂದ ಜಾರಿತು. ಎರಡನೆಯದೂ ಜಾರಿತು. ಮಳೆಯಲ್ಲಿ ತೋಯ್ದ ಚೆಂಡನ್ನೂ ಬಿಡದ ಕೈ ಅದು. ಬಾದಾಮಿಯವರು ಒಂದರ ಮೇಲೊಂದು ಎರಡು ಟ್ರೈ ಹೊಡೆದರು. ಅರ್ಧ ಆಟದ ಬಿಡುವಿನಲ್ಲಿ ಮಾಳವ್ವ ಕೈಗಳನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿಕೊಂಡು ಕೂತಳು. ಎಸೆಯುವುದು ಬೇಡ, ಕೊಟ್ಟದ್ದನ್ನು ಅಪ್ಪಿಕೊಂಡು ಓಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದೆ. ಎರಡನೆಯ ಅವಧಿಯಲ್ಲಿ ನಾನು ಚೆಂಡನ್ನು ಅವಳ ಬಗಲಿಗೇ ಒತ್ತಿ ಕೊಟ್ಟೆ. ಅವಳು ಬೊಬ್ಬೆಗಾಲಲ್ಲಿ ಮೈದಾನದ ಅಂಚಿಗೆ ಓಡಿ, ಇಬ್ಬರನ್ನು ದಾಟಿ, ಗೆರೆಯಾಚೆ ಚೆಂಡಿನ ಮೇಲೆ ಮೈಯೊಡ್ಡಿ ಬಿದ್ದಳು. ಪಾತ್ರೆ ತೊಳೆಯುವ ಹೆಂಗಸರು ಸೌಟು ಬಡಿದರು. ಕೊನೆಯಲ್ಲಿ ಮಾಳವ್ವ ಮತ್ತೆ ತಪ್ಪಿಸಿಕೊಂಡು ಹೊರಟಾಗ ಕಸ್ತೂರಿ ಹಿಂದಿನಿಂದ ಹಾರಿ ಅವಳ ಕಾಲು ಹಿಡಿದಳು. ಇಬ್ಬರೂ ಉರುಳಿದರು, ಚೆಂಡು ಗೆರೆಯ ಈಚೆಗೇ ಉಳಿಯಿತು. ಮೇಡಂ ಶಿಳ್ಳೆ ಊದಿದರು.

ನಾವು ಸೋತಿದ್ದೆವು. ನನ್ನ ಜೀವನದಲ್ಲಿ ನಾನು ಅಷ್ಟು ಸಂತೋಷದಿಂದ ಸೋತದ್ದು ಅದೊಂದೇ ಸಲ. ಮಾಳವ್ವ ಕುಂಟುತ್ತ ಹೋಗಿ, ಆಫೀಸಿನ ಮೇಜಿನ ಮೇಲೆ ಅಧ್ಯಕ್ಷರು ಬಿಟ್ಟು ಹೋಗಿದ್ದ ಕಪ್ಪನ್ನು ತಂದು ಕಸ್ತೂರಿಯ ಚೀಲದಲ್ಲಿ ಇಟ್ಟಳು. ಅದು ದೊಡ್ಡದಿತ್ತು, ಚೀಲದ ಜಿಪ್ ಹತ್ತಲಿಲ್ಲ. ಬಸ್ಸಿನ ಕಿಟಕಿಯಿಂದ ಕಸ್ತೂರಿ ಅದನ್ನು ಹೊರಗೆ ಹಿಡಿದು ತೋರಿಸುತ್ತ ಹೋದಳು.

ರಾಜ್ಯ ತಂಡದಲ್ಲಿ ನಮ್ಮ ಪಂದ್ಯಾವಳಿಯಿಂದ ಯಾರ ಹೆಸರೂ ಇರಲಿಲ್ಲ. ಆ ಭಾಗದ ಫೈನಲ್ ನಡೆಯಲಿಲ್ಲವಾದ್ದರಿಂದ ಆಟ ನೋಡಲಾಗಲಿಲ್ಲ ಎಂದು ಕಾರಣ ಕೊಟ್ಟರಂತೆ. ಸಾವಿತ್ರಿ ಮೇಡಂ ಅವರನ್ನು ಮುಂದಿನ ವರ್ಷ ಮುಂದುವರಿಸಲಿಲ್ಲ. ಮಾಳವ್ವನ ಓದು ಪಿಯುಸಿಗೆ ನಿಂತಿತು. ಈಗ ಅವಳು ಕಲಾದಗಿ ಕಡೆ ಗಂಡನ ಮನೆಯಲ್ಲಿ ದಾಳಿಂಬೆ ತೋಟ ನೋಡಿಕೊಂಡಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಅವಳು ಚೆನ್ನಾಗಿದ್ದಾಳಲ್ಲ, ಇನ್ನೇಕೆ ಸಿಟ್ಟು ಎಂದು ಕೇಳುವವರಿದ್ದಾರೆ. ಅವಳು ಚೆನ್ನಾಗಿರುವುದು ಅವಳ ಗಟ್ಟಿತನ, ಅದರಲ್ಲಿ ಇವರದೇನೂ ಇಲ್ಲ.

ಆದರೆ ಫೈನಲಿನ ಮರುದಿನದ ಮಾತೊಂದನ್ನು ಹೇಳಿ ಮುಗಿಸಬೇಕು. ಕಪ್ಪು ಕಾಣೆಯಾಗಿದೆ ಎಂದು ಅಧ್ಯಕ್ಷರು ಕಾಲೇಜಿಗೆ ಬಂದರು. ನಮ್ಮನ್ನೆಲ್ಲ ಪ್ರಾಚಾರ್ಯರ ಕೋಣೆಗೆ ಕರೆಸಿದರು. ಜಂಟಿ ವಿಜೇತರ ಕಪ್ಪು, ಮೊದಲ ಆರು ತಿಂಗಳು ನಮ್ಮ ಕಾಲೇಜಿನ ಕಪಾಟಿನಲ್ಲಿರಬೇಕು, ಅದನ್ನು ಬಾದಾಮಿಯವರಿಗೆ ಕೊಟ್ಟು ಕಳಿಸಿದವರು ಯಾರು ಎಂದು ಕೇಳಿದರು. ಮೇಡಂ ಬಾಯಿ ತೆರೆಯುವ ಮೊದಲೇ ಮಾಳವ್ವ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಎರಡೂ ಮಣಿಕಟ್ಟು ಇನ್ನೂ ಬಾತಿದ್ದವು.

“ನಾ ಕೊಟ್ಟೇನ್ರಿ. ನಾವು ಸೋತೇವಿ.”

“ಎಲ್ಲೆ ಸೋತ್ರಿ?” ಎಂದರು ಅಧ್ಯಕ್ಷರು. “ಫೈನಲ್ಲನ ಆಗಿಲ್ಲಲ್ಲ.”

ಮಾಳವ್ವ ತಲೆ ತಗ್ಗಿಸಲಿಲ್ಲ.

“ಆಗೇತ್ರಿ,” ಎಂದಳು. “ನೀವ ಇದ್ದಿಲ್ಲ.”